ಹಳೆ ಕಾಸಿನ ಬೆಲೆ ಆಮೇಲೆ, ಮೊದಲು ಅಚ್ಚು ನೋಡಿ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮವರ ಮನೆಗಳಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಹಾರ್ಲಿಕ್ಸ್ ಬಾಟ್ಲಿಯೋ, ತುಕ್ಕು ಹಿಡಿದ ಬಿಸ್ಕಿಟ್ ಡಬ್ಬಿಯೋ, ಅಂತೂ ಒಂದು. ಒಳಗೆ ಅಜ್ಜಿಯ ಕಾಲದ ಕಾಲಾಣೆ, ತೂತಿನ ಪೈಸೆ, ನಯೇ ಪೈಸೆ, ಎಲ್ಲ ಕಲಸುಮೇಲೋಗರ. ಮಲಾಡಿನಲ್ಲಿ ಈಗ ಹಳೆ ಸೊಸೈಟಿಗಳು ಒಂದೊಂದಾಗಿ ಕೆಡವಲ್ಪಟ್ಟು ಟವರುಗಳಾಗುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಈ ಡಬ್ಬಿ ಕೆಳಗಿಳಿಯುತ್ತದೆ. ಆಗ ಎರಡೇ ಪ್ರಶ್ನೆ: "ಇದಕ್ಕೆ ಎಷ್ಟು ಲಕ್ಷ ಬರುತ್ತೆ?" ಅಥವಾ "ಭಂಗಾರ್‌ವಾಲಾಗೆ ತೂಕಕ್ಕೆ ಹಾಕಿಬಿಡೋಣವಾ?"

ನಾನು ಹೇಳುವುದು, ಎರಡೂ ಅವಸರದ ಪ್ರಶ್ನೆಗಳು. ಮೊದಲು ಕೇಳಬೇಕಾದದ್ದು "ಇದು ಯಾವ ಅಚ್ಚಿನದು?" ಎಂದು.

ನಾಣ್ಯ ಅಂದರೆ ಎರಡು ಉಕ್ಕಿನ ಅಚ್ಚುಗಳ ನಡುವೆ ಸಿಕ್ಕಿ ಏಟು ತಿಂದ ಬಿಲ್ಲೆ. ಒಂದು ಅಚ್ಚು ಸವೆದರೆ ಅಥವಾ ಬಿರಿದರೆ ಇನ್ನೊಂದನ್ನು ಕೂರಿಸುತ್ತಾರೆ. ಹಿಂದೆ ಇಸವಿಯ ಅಂಕಿಗಳನ್ನು ಎಷ್ಟೋ ಕಡೆ ಕೈಯಿಂದಲೇ ಅಚ್ಚಿಗೆ ಹೊಡೆಯುತ್ತಿದ್ದರು. ಒಂದು ಅಂಕಿ ಸ್ವಲ್ಪ ಓರೆಯಾಗುತ್ತದೆ, ಒಂದು ಎರಡು ಸಲ ಬೀಳುತ್ತದೆ. ಹೀಗಾಗಿ ಒಂದೇ ವರ್ಷದ, ಒಂದೇ ಬೆಲೆಯ ಎರಡು ನಾಣ್ಯ ಅವಳಿಗಳ ಹಾಗೆ ಕಂಡರೂ ಅವಳಿಗಳಲ್ಲ. ಇದನ್ನೇ ಅಚ್ಚಿನ ಭೇದ ಅನ್ನುವುದು.

ತೂತಿನ ಪೈಸೆಯನ್ನೇ ತೆಗೆದುಕೊಳ್ಳಿ. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು 1943ರಲ್ಲಿ ಶುರುವಾಗಿ 1947ರವರೆಗೆ ಬಂದದ್ದು. ನಮ್ಮ ಕಡೆ ಮಕ್ಕಳ ಉಡಿದಾರಕ್ಕೆ ಪೋಣಿಸುತ್ತಿದ್ದರು. ಹತ್ತು ಬಿಲ್ಲೆಗಳನ್ನು ಸಾಲಾಗಿಟ್ಟು ಭೂತಗನ್ನಡಿ ಹಿಡಿಯಿರಿ. ಕೆಲವದರ ಮೇಲೆ ಕಿರೀಟ ಚಪ್ಪಟೆ, ಕೆಲವದರ ಮೇಲೆ ದುಂಡಗೆ. ಅಕ್ಷರಗಳು ಕೆಲವದರಲ್ಲಿ ಸಣ್ಣವು, ಕೆಲವದರಲ್ಲಿ ದಪ್ಪ. ಇಸವಿಯ ಕೆಳಗೆ ಚುಕ್ಕಿಯೋ ಪುಟ್ಟ ವಜ್ರವೋ ಇದ್ದರೆ ಅದು ನಮ್ಮ ಕೋಟೆ ಭಾಗದ ಮುಂಬಯಿ ಟಂಕಸಾಲೆಯದು! ಚರ್ಚ್‌ಗೇಟ್ ಲೋಕಲ್ ಹಿಡಿದು ದಿನಾ ಕೆಲಸಕ್ಕೆ ಹೋಗುವ ಮಲಾಡಿನವರಲ್ಲಿ ಎಷ್ಟು ಮಂದಿ ಆ ಕಟ್ಟಡದ ಎದುರಿನಿಂದ ಹಾದುಹೋಗಿದ್ದಾರೋ, ಜೇಬಿನಲ್ಲಿ ಅದರದೇ ಗುರುತು ಇಟ್ಟುಕೊಂಡು.

ಇನ್ನೂ ಸ್ವಾರಸ್ಯದ್ದು 1862ರ ಬೆಳ್ಳಿ ರೂಪಾಯಿ. ಹಳೆ ಇಸವಿ ಕಂಡರೆ ಸರಾಫರು ಬಟ್ಟಾ ಹಿಡಿಯುತ್ತಿದ್ದರು, ಅಂದರೆ ಬೆಲೆ ಕತ್ತರಿಸುತ್ತಿದ್ದರು. ಅದಕ್ಕೇ ಸರ್ಕಾರ ಇಸವಿಯನ್ನೇ ಬದಲಿಸಲಿಲ್ಲ. ಮುಂದೆ 1874ರವರೆಗೂ 1862 ಎಂದೇ ಮುದ್ರಿಸಿದರು. ಮುಂಬಯಿ ಟಂಕಸಾಲೆ ಮಾತ್ರ ಹಿಂಬದಿಯಲ್ಲಿ ಸಣ್ಣ ಚುಕ್ಕಿಗಳನ್ನು ಸೇರಿಸುತ್ತಾ ಹೋಯಿತು. ಆ ಚುಕ್ಕಿ ಎಣಿಸಿ ನಿಜವಾದ ವರ್ಷ ಹೇಳುವುದನ್ನು ಸಂಗ್ರಾಹಕರು ಕಂಡುಕೊಂಡಿದ್ದಾರೆ. ಫ್ರೆಡ್ ಪ್ರಿಡ್ಮೋರ್ ಎಂಬ ಇಂಗ್ಲಿಷಿನವರು 1975 ಮತ್ತು 1980ರಲ್ಲಿ ಹೊರತಂದ ಭಾರತದ ಸಂಪುಟಗಳಲ್ಲಿ ಇಂಥವನ್ನೆಲ್ಲ ಪಟ್ಟಿ ಮಾಡಿದ್ದಾರೆ. ಚುಕ್ಕಿ ನೋಡದವನಿಗೆ ಅದು ಬರೀ ಬೆಳ್ಳಿ, ತೊಲೆ ಲೆಕ್ಕದಲ್ಲಿ ಹೋಗುತ್ತದೆ.

"ಇದೆಲ್ಲ ಕೆಲಸವಿಲ್ಲದವರ ಹುಚ್ಚು ಮಾರಾಯ್ರೆ" ಎನ್ನುವ ಸ್ನೇಹಿತರಿದ್ದಾರೆ. ಇರಬಹುದು. ಆದರೆ ಹುಚ್ಚು ನಮ್ಮೊಬ್ಬರದೇ ಅಲ್ಲ. ಕೆನಡಾದ ಮೊದಲ ಸೆಂಟುಗಳು ಲಂಡನ್ನಿನಲ್ಲಿ ತಯಾರಾದವು, 1858 ಮತ್ತು 1859ರ ಇಸವಿ ಹೊತ್ತು. ಅಗಲ ಸರಿಯಾಗಿ ಒಂದು ಇಂಚು, ನೂರು ಸೇರಿದರೆ ಒಂದು ಪೌಂಡು. ಕೆಲವು ಅಚ್ಚುಗಳಲ್ಲಿ 1858ರ ಕೊನೆಯ 8ರ ಮೇಲೆಯೇ 9 ಹೊಡೆದಿದ್ದಾರೆ. ಅಗಲ 9, ಸಪೂರ 9, ಎರಡು ಸಲ ಬಿದ್ದ 9 ಎಂದು ಅಲ್ಲಿನವರು ಬೇರ್ಪಡಿಸಿ, ಎಲೆಗಳ ಬಳ್ಳಿಯನ್ನೂ ಪರೀಕ್ಷಿಸಿ ಪಟ್ಟಿ ಬರೆಯುತ್ತಾರೆ. ಅಮೆರಿಕದಲ್ಲಿ ವಿಲಿಯಂ ಶೆಲ್ಡನ್ 1949ರಲ್ಲೇ ದೊಡ್ಡ ಸೆಂಟುಗಳ ಅಚ್ಚುಗಳಿಗೆ ನಂಬರು ಕೊಟ್ಟು ಪುಸ್ತಕ ಮಾಡಿದರು. ಅಂದ ಹಾಗೆ ಕೆನಡಾ ನಮ್ಮ ಡಬ್ಬಿಯಲ್ಲೂ ಇರಬಹುದು! 1988ರ ಗೇಂಡಾಮೃಗದ 25 ಪೈಸೆಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ 'ಸಿ' ಅಕ್ಷರ ಕಂಡರೆ, ಅದು ಒಟ್ಟಾವಾದಲ್ಲಿ ಮಾಡಿಸಿ ತಂದದ್ದು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. ಹೋಟೆಲಿನ ಗಲ್ಲೆಯಲ್ಲಿ ಕೂತ ನಮ್ಮವರ ಕೈಯಲ್ಲಿ ಅವು ಎಷ್ಟು ಸಾವಿರ ಹಾದುಹೋದವೋ.

ಹಾಗಂತ ಕಂಡ ಕಂಡ ಗೀರೆಲ್ಲ ಭೇದವಲ್ಲ. ಒಂದು ಸುಲಭದ ನಿಯಮ ಇದೆ. ಅಚ್ಚು ಬಿರಿದರೆ ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ತಗ್ಗಾದ ಗೆರೆ ಸಾಮಾನ್ಯವಾಗಿ ಆಮೇಲೆ ಬಿದ್ದ ಪೆಟ್ಟು. ಇದು ಗೊತ್ತಿಲ್ಲದವರಿಗೆ ಸವೆದ ಎರಡು ರೂಪಾಯಿಯನ್ನೂ "ಮಿಂಟ್ ಎರರ್" ಎಂದು ಮಾರುವವರಿದ್ದಾರೆ. ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಎಂಬ ಮೆಸೇಜು ನಿಮಗೂ ಬಂದಿರಬೇಕು. ಹಳೆ ನಾಣ್ಯ, ನೋಟು ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಅಚ್ಚು ಓದಲು ಕಲಿತವನು ಇಂಥ ಗಾಳಕ್ಕೆ ಬೀಳುವುದು ಕಡಿಮೆ.

ಆದರೆ ನನ್ನ ನಿಜವಾದ ಕಳವಳ ಬೇರೆ, ನಮ್ಮ ಮೈಸೂರಿನ ಕಾಸುಗಳದ್ದು. ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜರ ಕಾಲದ ಮೊದಲು ಆನೆ, ಆಮೇಲೆ ಸಿಂಹ ಇರುವ 20 ಕಾಸು. ಇವುಗಳ ಅಚ್ಚನ್ನು ಕೈಯಲ್ಲೇ ಕೆತ್ತುತ್ತಿದ್ದರು. ಒಂದರ ಆನೆ ಬಲಕ್ಕೆ ನೋಡಿದರೆ ಇನ್ನೊಂದರದು ಎಡಕ್ಕೆ. ಬಾಲ, ಸೊಂಡಿಲು, ಕನ್ನಡದ 'ಶ್ರೀ' ಒಂದೊಂದರಲ್ಲಿ ಒಂದೊಂದು ಕೈಬರಹ. ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ ಹೆಂಡರ್ಸನ್ 1921ರಲ್ಲಿ ಬರೆದ ಪುಸ್ತಕವನ್ನೇ ಈಗಲೂ ಎಲ್ಲರೂ ತೆಗೆಯುತ್ತಾರೆ. ಕನ್ನಡ ಅಕ್ಷರವನ್ನು ಉಕ್ಕಿನಲ್ಲಿ ತಿರುವುಮುರುವಾಗಿ ಕೆತ್ತಿದ ಆ ಕುಶಲಕರ್ಮಿಯ ಹೆಸರು ನಮಗೆ ಗೊತ್ತಿಲ್ಲ. ಅವನು ಬಿಟ್ಟುಹೋದ ಸಹಿ ಅಂದರೆ ಆ ಅಚ್ಚೊಂದೇ. ಒಂದು ಅಚ್ಚಿನ ಕೊನೆಯ ಕಾಸು ಕುಲುಮೆಗೆ ಹೋದರೆ ಅವನ ಒಂದು ಪುಟ ಹರಿದಂತೆ.

ಆದ್ದರಿಂದ ಡಬ್ಬಿ ಇಳಿಸಿದವರಿಗೆ ನನ್ನ ವಿನಂತಿ ನಾಲ್ಕೇ. ಒಂದು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಲಕ್ಷ್ಮೀಪೂಜೆಗೆ ಬೇರೆ ಹೊಳೆಯುವ ನಾಣ್ಯ ಇಡಿ, ದೇವಿ ಬೇಸರಪಡಲಾರಳು. ಎರಡು, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕ ನೋಡಿ, ಎರಡೂ ಬದಿಯ ಫೋಟೋ ತೆಗೆಯಿರಿ. ಮೂರು, ಯಾವ ಊರಿನ ಯಾರ ಮನೆಯಿಂದ ಬಂತು ಎಂದು ಚೀಟಿಯಲ್ಲಿ ಬರೆದಿಡಿ. ಕಾಸು ಯಾವ ಊರಿನಲ್ಲಿ ಓಡಾಡಿತು ಎಂಬುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ನಿಮ್ಮ ಅಮ್ಮನ ಬಾಯಲ್ಲಿ ಮಾತ್ರ ಸಿಗುತ್ತದೆ. ನಾಲ್ಕು, ದುಬೈಗೋ ಅಮೆರಿಕಕ್ಕೋ ಹೊರಟ ಮಗನ ಸೂಟ್‌ಕೇಸಿಗೆ ನೆನಪಿಗೆಂದು ಹಾಕಬೇಡಿ. 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಇಷ್ಟು ಮಾಡಿದ ಮೇಲೆ ಮಾರುವುದಿದ್ದರೆ ಮಾರಿ, ಅದು ನಿಮ್ಮ ಸ್ವತ್ತು. ಬಹುತೇಕ ಬಿಲ್ಲೆಗಳಿಗೆ ಒಂದು ವಡಾಪಾವಿನಷ್ಟೂ ಬೆಲೆ ಬರಲಿಕ್ಕಿಲ್ಲ. ಬರದಿದ್ದರೆ ಬೇಡ. ನಾವು ಮಲಾಡಿನಲ್ಲಿ ಕನ್ನಡ ಮಾತಾಡುವುದೂ ಯಾರೋ ಬೆಲೆ ಕೊಡುತ್ತಾರೆ ಅಂತಲ್ಲವಲ್ಲ.