ಒಂದು ಗುಂಡಿಗೆ ಮಹಾಯುದ್ಧ ಆಗಲ್ಲ ಗುರು! (ಭಾಗ 3)

ಮೊದಲ ಮಹಾಯುದ್ಧಕ್ಕೆ ತಕ್ಷಣದ ಕಾರಣ? ಆರ್ಚ್‌ಡ್ಯೂಕ್ ಫರ್ಡಿನೆಂಡ್ ಹತ್ಯೆ. ಒಂದು ಅಂಕ ಬಂತು, ಕಥೆ ಮುಗೀತು.

ಸ್ವಲ್ಪ ತಾರೀಖು ನೋಡಿ. ಸರಾಯೆವೋದಲ್ಲಿ ಗುಂಡು ಹಾರಿದ್ದು 1914ರ ಜೂನ್ 28. ಆಸ್ಟ್ರಿಯಾ ಸರ್ಬಿಯಾ ಮೇಲೆ ಯುದ್ಧ ಸಾರಿದ್ದು ಜುಲೈ 28. ಮಧ್ಯೆ ಪೂರ್ತಿ ಒಂದು ತಿಂಗಳು! ಅಲ್ಲೇನಾಯ್ತು ಅಂತ ಯಾವ ಪ್ರಶ್ನೆಪತ್ರಿಕೆನೂ ಕೇಳಲ್ಲ. ಜುಲೈ 5ಕ್ಕೆ ಜರ್ಮನಿಯ ಕೈಸರ್, ಏನೇ ಆದ್ರೂ ನಿಮ್ಮ ಜೊತೆಗಿದ್ದೀವಿ ಅಂತ ಆಸ್ಟ್ರಿಯಾಗೆ ಮಾತು ಕೊಟ್ಟ. ಇತಿಹಾಸಕಾರರು ಇದನ್ನ 'ಬ್ಲ್ಯಾಂಕ್ ಚೆಕ್' ಅಂತಾರೆ. ಮೊತ್ತ ಬರೀದೆ ಸಹಿ ಹಾಕಿದ ಚೆಕ್ ಎಂಥ ಅಪಾಯ ಅಂತ ನಮ್ ಬಿಕಾಂನವರಿಗೆ ಹೇಳ್ಬೇಕಾ? ಆಮೇಲೆ ರಷ್ಯಾ ಸೈನ್ಯ ಸಜ್ಜು ಮಾಡ್ತು, ಜರ್ಮನಿ ಬೆಲ್ಜಿಯಂಗೆ ನುಗ್ತು, ಬ್ರಿಟನ್ ಇಳೀತು. ದೊಡ್ಡವರು ಕೂತು ತಗೊಂಡ ತೀರ್ಮಾನಗಳಿವು. ಎಲ್ಲಾನೂ 19 ವರ್ಷದ ಪ್ರಿನ್ಸಿಪ್ ತಲೆಗೆ ಕಟ್ಟಿದ್ರೆ (ನನಗಿಂತ ಒಂದು ವರ್ಷ ಚಿಕ್ಕವನು!) ಸಹಿ ಹಾಕಿದವರು ಆರಾಮಾಗಿ ಪಾರು.

ಬಿಲ್ ಕಟ್ಟಿದ್ದು ಯಾರು? 1917ರಲ್ಲಿ ಭಾರತದಿಂದ ಬ್ರಿಟನ್‌ಗೆ 10 ಕೋಟಿ ಪೌಂಡ್ 'ಉಡುಗೊರೆ'. ಅದೂ ಸಾಲ ಎತ್ತಿ! ನಮ್ಮ ರೈತರನ್ನ ಯಾರಾದ್ರೂ ಕೇಳಿದ್ರಾ? 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಮೆಷಿನ್‌ಗನ್‌ಗಳ ಎದುರು ನುಗ್ಗಿದ್ರು. ರೀಲ್ಸ್ ಎಲ್ರೂ ಹಾಕ್ತೀರಿ, ಸರಿ. ಯಾರ ಯುದ್ಧ ಅದು ಅಂತ ಒಬ್ರೂ ಬರೆಯಲ್ಲ. ಬಡ್ಡಿ ಸಮೇತ ನಮಗೆ ಸಿಕ್ಕಿದ್ದು 1919ರ ಮಾರ್ಚ್‌ನಲ್ಲಿ ರೌಲಟ್ ಕಾಯ್ದೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್.

ಭಾಗ 4: ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್, ಜರ್ಮನಿ 1923.

#ಇತಿಹಾಸ #ಮಹಾಯುದ್ಧ #ಕನ್ನಡದಲ್ಲಿ