ಕಾರ್ಯಪಡೆಯ ಬಂಧಿಗಳಿಗಾದ ಅನ್ಯಾಯ: ತಾಳವಾಡಿಯಿಂದ ಖಂಡನಾ ಹೇಳಿಕೆ

ವೀರಪ್ಪನ್ ಬೇಟೆಯ ಹೆಸರಿನಲ್ಲಿ ತಮಿಳುನಾಡು–ಕರ್ನಾಟಕ ಜಂಟಿ ಕಾರ್ಯಪಡೆ ಹಿಡಿದೊಯ್ದವರ ಮೇಲೆ ನಡೆದ ಚಿತ್ರಹಿಂಸೆಯನ್ನೂ, ಹೊಣೆಗಾರರನ್ನು ಕಟಕಟೆಗೆ ತರದೆ ಕಾಲ ತಳ್ಳಿದ ಎರಡೂ ಸರ್ಕಾರಗಳ ನಡೆಯನ್ನೂ ತಾಳವಾಡಿ ಬೆಟ್ಟಸೀಮೆಯ ನಮ್ಮ ಸಂಘ ತೀವ್ರವಾಗಿ ಖಂಡಿಸುತ್ತದೆ.

ವೀರಪ್ಪನ್ ಎಸಗಿದ ಕೊಲೆಗಳನ್ನು ನಾವು ಮರೆತಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜೀವಗಳು ಬಲಿಯಾದವು. ಆದರೆ ಆ ಸಿಟ್ಟು ತಿರುಗಿದ್ದು ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುತ್ತಿದ್ದ ಬಡವರ ಮೇಲೆ. ಅಕ್ಕಿ ಕೊಟ್ಟಿರಿ, ಸುದ್ದಿ ಮುಟ್ಟಿಸಿದಿರಿ ಎಂಬ ಗುಮಾನಿಯೇ ಸಾಕಾಯಿತು. ಮಲೆ ಮಹದೇಶ್ವರ ಬೆಟ್ಟದ ಕ್ಯಾಂಪಿನಲ್ಲಿ ಚಿತ್ರಹಿಂಸೆಯ ಕೋಣೆಗೆ ‘ವರ್ಕ್‌ಶಾಪ್’ ಎಂಬ ಹೆಸರೇ ಇತ್ತು. ಅಲ್ಲಿ ಕರೆಂಟ್ ಕೊಟ್ಟರು, ತಲೆಕೆಳಗಾಗಿ ತೂಗುಹಾಕಿದರು. ಹೆಂಗಸರಿಗಾದ ಅವಮಾನವನ್ನು ಇಲ್ಲಿ ವಿವರವಾಗಿ ಬರೆಯಲು ನಮಗೆ ಮನಸ್ಸಿಲ್ಲ; ಅದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದೆ ಬಂದಿದೆ.

ಅದು ಯುದ್ಧವಾಗಿತ್ತೆ? ಸರ್ಕಾರ ಎಂದೂ ಹಾಗೆನ್ನಲಿಲ್ಲ. ಯುದ್ಧವೆಂದೇ ಇಟ್ಟುಕೊಂಡರೂ 1949ರ ಜಿನೀವಾ ಒಪ್ಪಂದಗಳ 3ನೇ ವಿಧಿ ಸೆರೆಸಿಕ್ಕವರನ್ನು ಹಿಂಸಿಸಬಾರದು, ವಿಚಾರಣೆಯಿಲ್ಲದೆ ಕೊಲ್ಲಬಾರದು ಎನ್ನುತ್ತದೆ. ಭಾರತ ಅದಕ್ಕೆ 1950ರಲ್ಲೇ ಬದ್ಧವಾಗಿದೆ. ಬರೀ ಪೊಲೀಸ್ ಕಾರ್ಯಾಚರಣೆ ಎನ್ನುವುದಾದರೆ, ಸಂವಿಧಾನದ 22ನೇ ವಿಧಿಯಂತೆ ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು. ಕಾರ್ಯಪಡೆ ಕಾಡಿನಲ್ಲಿ ಯುದ್ಧದ ವರಸೆ ತೋರಿ, ಕೋರ್ಟಿನಲ್ಲಿ ಪೊಲೀಸ್ ಕೆಲಸದ ಲೆಕ್ಕ ಕೊಟ್ಟಿತು. ಎರಡೂ ಕಡೆಯ ನಿಯಮ ಮುರಿಯಿತು.

ಹಿಡಿದವರಲ್ಲಿ ಅನೇಕರ ಮೇಲೆ ಹೇರಿದ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಎಸ್‌ಪಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು. ಹೊಡೆತಕ್ಕೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ? 1995ರ ಮೇ ತಿಂಗಳಲ್ಲಿ ಕಾಯ್ದೆ ಸತ್ತರೂ ಮೈಸೂರು ಜೈಲಿನಲ್ಲಿದ್ದವರ ಪಾಲಿಗೆ ಅದು ಸಾಯಲಿಲ್ಲ. 2000ದ ಜುಲೈ 30ರಂದು ನಮ್ಮದೇ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದಾಗ ಈ ಬಂಧಿಗಳ ಸುದ್ದಿ ನಾಡಿಗೆಲ್ಲ ಮುಟ್ಟಿತು, ಅದೂ ಇವರನ್ನು ಬಿಡಬೇಕೆಂಬ ಅಪಹರಣಕಾರ ವೀರಪ್ಪನ್‌ನ ಬೇಡಿಕೆಯಾಗಿ. ಬೆದರಿಕೆಗೆ ಮಣಿದು ಕೇಸು ಹಿಂತೆಗೆಯುವುದನ್ನು ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಅದು ಸರಿಯಾದ ತೀರ್ಪೇ. ಆದರೆ 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನೂರಕ್ಕೂ ಹೆಚ್ಚು ಮಂದಿಯನ್ನು ಆರೋಪಮುಕ್ತಗೊಳಿಸಿತು. ಇವರಲ್ಲಿ ಅನೇಕರು ಜೈಲಿನಲ್ಲಿ ಕಳೆದ ವರ್ಷಗಳಿಗೆ ಉತ್ತರ ಕೊಡುವವರಾರು?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ಹಿಂಸೆಯ ತನಿಖೆಗೆ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ 2003ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆದೇಶಿಸಿತು. ಮಧ್ಯಂತರ ಎಂದರೆ ಮುಂದೆ ಇನ್ನೂ ಇದೆ ಎಂದರ್ಥವಷ್ಟೆ. ಈ ನಡುವೆ, 2004ರಲ್ಲಿ ವೀರಪ್ಪನ್ ಹತನಾದ ಬೆನ್ನಿಗೇ ಕಾರ್ಯಪಡೆಯವರಿಗೆ ಬಹುಮಾನ, ಬಡ್ತಿ, ನಿವೇಶನಗಳ ಘೋಷಣೆ ತಡವಾಗಲಿಲ್ಲ. ಧರ್ಮಪುರಿಯ ವಾಚಾತಿಯಲ್ಲಿ 1992ರಲ್ಲಿ ನಡೆದ ದೌರ್ಜನ್ಯಕ್ಕೆ 2011ರಲ್ಲಿ 215 ಸರ್ಕಾರಿ ನೌಕರರಿಗೆ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಸದಾಶಿವ ಸಮಿತಿ ವರದಿಯನ್ನು ಕನ್ನಡ, ತಮಿಳು ಎರಡರಲ್ಲೂ ಪೂರ್ಣವಾಗಿ ಅಚ್ಚು ಹಾಕಿಸಿ ಬೆಟ್ಟದ ಪ್ರತಿ ಪಂಚಾಯಿತಿಗೆ ಕೊಡಬೇಕು. ಪರಿಹಾರದ 89 ಮಂದಿಯ ಪಟ್ಟಿಯಿಂದ ಹೊರಗುಳಿದ ದೂರುದಾರರನ್ನು ಮತ್ತೆ ಕರೆದು ಕೇಳಬೇಕು. ನಡೆಯಲಾಗದ ವಯಸ್ಸಾದವರನ್ನು ಈರೋಡಿಗೋ ಮೈಸೂರಿಗೋ ಅಲೆಸದೆ ತಾಳವಾಡಿಯಲ್ಲೇ ಕೇಳಬೇಕು, ಅವರ ಕನ್ನಡದಲ್ಲೇ ಬರೆದುಕೊಳ್ಳಬೇಕು. 1997ರಲ್ಲಿ ಸಹಿ ಹಾಕಿದ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಕೇಂದ್ರ ಸರ್ಕಾರ ಸ್ಥಿರೀಕರಿಸಿ, ಅದಕ್ಕೆ ತಕ್ಕ ಕಾಯ್ದೆ ತರಬೇಕು.

ಈ ಹೇಳಿಕೆಯ ಪ್ರತಿಗಳನ್ನು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ, ಈರೋಡ್ ಮತ್ತು ಚಾಮರಾಜನಗರ ಜಿಲ್ಲಾಧಿಕಾರಿಗಳಿಗೆ, ಆಯೋಗಕ್ಕೆ ಕಳುಹಿಸುತ್ತಿದ್ದೇವೆ.

ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿ
ತಾಳವಾಡಿ