ಬೆದೆ ಮುಗಿದ ಮೇಲೆ ರಕ್ತ ಕಂಡರೆ ಗಾಬರಿ ಏಕೆ?

ಕೃತಕ ಗರ್ಭಧಾರಣೆ ಮಾಡಿಸಿದ ಎರಡನೆಯ ದಿನ ಕಡಸಿನ ಬಾಲದಲ್ಲಿ ರಕ್ತದ ಕಲೆ ಕಂಡಿತೆಂದರೆ ಹಳ್ಳಿಯಲ್ಲಿ ಎರಡು ಮಾತು ಏಳುತ್ತವೆ. 'ಗಬ್ಬ ನಿಲ್ಲಲಿಲ್ಲ, ದುಡ್ಡು ದಂಡ' ಎಂಬುದು ಒಂದು. 'ಇಂಜೆಕ್ಷನ್ ಹಾಕಿದವನು ಒಳಗೆ ಗಾಯ ಮಾಡಿದ' ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿಲ್ಲ. ನಳಿಕೆ ಹೊರತೆಗೆದ ಕೂಡಲೇ ಕೆಂಪು ರಕ್ತ ಸುರಿದರೆ ಅದು ಬೇರೆ ಮಾತು. ಒಂದೆರಡು ದಿನ ಬಿಟ್ಟು ಲೋಳೆಯೊಂದಿಗೆ ಬರುವ ರಕ್ತ ಗಾಯದ್ದಲ್ಲ. ಈ ತಪ್ಪು ತಿಳುವಳಿಕೆಯಿಂದ ಒಳ್ಳೆಯ ಮಿಶ್ರತಳಿ ಕಡಸುಗಳನ್ನು 'ಬರಡು' ಎಂದು ಸಂತೆಗೆ ಅಟ್ಟುವುದು ನಿಲ್ಲಬೇಕು.

ಬೆದೆಯ ಹೊತ್ತಿನಲ್ಲಿ ಅಂಡಾಶಯದಿಂದ ಈಸ್ಟ್ರೋಜೆನ್ ಎಂಬ ಹಾರ್ಮೋನು ಹೆಚ್ಚಾಗಿ ಹರಿಯುತ್ತದೆ. ಇದರಿಂದ ಗರ್ಭಕೋಶದ ರಕ್ತನಾಳಗಳು ಹಿಗ್ಗಿ, ಒಳಪದರಕ್ಕೆ ರಕ್ತ ತುಂಬಿಕೊಳ್ಳುತ್ತದೆ. ಹಸುವಿನ ಗರ್ಭಕೋಶದ ಒಳಗೆ ಗುಂಡಿಯಂತಹ ಉಬ್ಬುಗಳಿವೆ. ಗಬ್ಬವಾದಾಗ ಕಸ ಅಂಟಿಕೊಳ್ಳುವುದು ಇವಕ್ಕೇ. ಈ ಉಬ್ಬುಗಳ ಮೇಲಿನ ಕೂದಲೆಳೆಗಿಂತ ಸಣ್ಣ ನಾಳಗಳು ಚೆನ್ನಾಗಿ ಉಬ್ಬಿರುತ್ತವೆ. ಬೆದೆ ಇಳಿದು ಹಾರ್ಮೋನು ತಗ್ಗಿದಾಗ ಕೆಲವು ನಾಳಗಳು ಒಡೆದು ರಕ್ತ ಜಿನುಗುತ್ತದೆ. ಬೆದೆ ಮುಗಿದ 1ರಿಂದ 3 ದಿನಗಳಲ್ಲಿ ನಮಗೆ ಕಾಣುವುದು ಇದೇ. ಕಡಸುಗಳಲ್ಲಿ ಹೆಚ್ಚು, ಕರು ಹಾಕಿದ ಹಸುಗಳಲ್ಲಿ ಕಡಿಮೆ. ಎಮ್ಮೆಯಲ್ಲಿ ಅಪರೂಪ.

ಗಬ್ಬ ನಿಂತರೂ ಈ ರಕ್ತ ಬರಬಹುದು, ನಿಲ್ಲದಿದ್ದರೂ ಬರಬಹುದು. ಹೆಂಗಸರ ಮುಟ್ಟಿಗೆ ಇದನ್ನು ಹೋಲಿಸುವುದರಿಂದಲೇ ಗೊಂದಲ. ಮುಟ್ಟಿನಲ್ಲಿ ಗರ್ಭ ನಿಲ್ಲದೆ ಒಳಪದರವೇ ಕಳಚಿ ಬೀಳುತ್ತದೆ. ಹಸುವಿನಲ್ಲಿ ಹಾಗೆ ಕಳಚುವುದಿಲ್ಲ. ನಾಯಿಯಲ್ಲಿ ರಕ್ತ ಮೊದಲು, ಗಂಡಿಗೆ ಒಪ್ಪುವುದು ಆಮೇಲೆ. ಹಸುವಿನಲ್ಲಿ ಇದು ತಲೆಕೆಳಗು. ಆದ್ದರಿಂದ ರಕ್ತ ಕಂಡ ದಿನ ಇಂಜೆಕ್ಷನ್ ಹಾಕಿಸಲು ಓಡುವುದು ವ್ಯರ್ಥ. ಬೆದೆ ಮುಗಿದ 10-12 ಗಂಟೆಗಳಲ್ಲಿ ಅಂಡ ಬಿಡುಗಡೆಯಾಗಿರುತ್ತದೆ, ಅದರ ಆಯುಸ್ಸೂ ಕೆಲವೇ ಗಂಟೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಲೆಕ್ಕ ಇದಕ್ಕಾಗಿಯೇ ಇರುವುದು.

ನನ್ನನ್ನು ಕೇಳಿದರೆ, ಈ ರಕ್ತ ರೈತನಿಗೆ ಪುಕ್ಕಟೆ ಸಿಕ್ಕ ಗಡಿಯಾರ. ಬೆದೆ ರಾತ್ರಿ ಬಂದು ರಾತ್ರಿಯೇ ಹೋಗಿ, ನಿಮ್ಮ ಕಣ್ಣಿಗೆ ಬೀಳದೆ ಇದ್ದಿರಬಹುದು. ರಕ್ತ ಕಂಡರೆ ಬೆದೆ ಬಂದು ಹೋಯಿತೆಂದೇ ಅರ್ಥ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಸುವಿನ ಬೆದೆಚಕ್ರ ಸುಮಾರು 21 ದಿನ. ಎರಡು ದಿನ ಆಗಲೇ ಕಳೆದಿದೆ. 16ನೆಯ ದಿನದಿಂದ 22ರವರೆಗೆ ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಕೊಟ್ಟಿಗೆಗೆ ಹೋಗಿ ನೋಡಿ. ಇಂಜೆಕ್ಷನ್ ಹಾಕಿಸಿದ್ದ ಹಸು ಆಗ ಬೆದೆಗೆ ಬಾರದಿದ್ದರೆ ಗಬ್ಬದ ಆಸೆ ಇಟ್ಟುಕೊಳ್ಳಬಹುದು. ಖಾತ್ರಿ ಮಾಡುವುದು ವೈದ್ಯರ ತಪಾಸಣೆ.

ಕುರಿ ಮಂದೆಯ ಜೊತೆ ಹೇರು ಹೊರಲು ತಟ್ಟು ಸಾಕಿದ ಕುರಿಗಾರರಿಗೆ ಒಂದು ಮಾತು. ಹೆಣ್ಣು ಕುದುರೆಗೂ ಸುಮಾರು 21-22 ದಿನಕ್ಕೆ ಬೆದೆ, ಆದರೆ ಅದು 5-7 ದಿನ ಇರುತ್ತದೆ. ಅದರ ಗರ್ಭಕೋಶಕ್ಕೂ ರಕ್ತದ ಹರಿವು ಏರಿಳಿಯುತ್ತದೆ, ಒಳಪದರ ನೀರು ತುಂಬಿ ಊದುತ್ತದೆ. ಆದರೆ ಹಸುವಿನಲ್ಲಿರುವ ಉಬ್ಬುಗಳು ಅದಕ್ಕಿಲ್ಲ; ಹೀಗೆ ರಕ್ತ ಜಿನುಗುವುದು ಅದರ ಸಹಜ ಗುಣವಲ್ಲ. ಹಸುವಿನ ಲೆಕ್ಕ ಹಿಡಿದು ಸುಮ್ಮನೆ ಕೂರಬಾರದು, ಪಶುವೈದ್ಯರಿಗೆ ತೋರಿಸಬೇಕು.

ನಾವು ಇಲಾಖೆಯವರು ತರಬೇತಿಗಳಲ್ಲಿ ಮೇವು, ಹಿಂಡಿ, ಖನಿಜ ಮಿಶ್ರಣದ ಬಗ್ಗೆ ಗಂಟೆಗಟ್ಟಲೆ ಹೇಳುತ್ತೇವೆ. ಈ ವಿಷಯ ಬಂದಾಗ ಸಂಕೋಚದಿಂದ ದಾಟಿಬಿಡುತ್ತೇವೆ. ಸಭೆಗೆ ಕರೆಯುವುದೂ ಗಂಡಸರನ್ನೇ. ಸೆಗಣಿ ಬಾಚುವವಳು, ಹಾಲು ಕರೆಯುವವಳು, ಬಾಲದ ಕಲೆಯನ್ನು ಮೊದಲು ನೋಡುವವಳು ಮನೆಯ ಹೆಣ್ಣುಮಗಳು. ಅವಳಿಗೆ ಹೇಳದೆ ಇನ್ನಾರಿಗೆ ಹೇಳಿ ಏನು ಪ್ರಯೋಜನ? ಹಾಲಿನ ಡೇರಿಯಲ್ಲಿ ಹಾಲು ಹಾಕಲು ಅವಳು ಬರುವ ಹೊತ್ತಿಗೇ ಹತ್ತು ನಿಮಿಷ ಈ ಮಾತು ಆಡಬಹುದು.

ರಕ್ತ ಮೂರು ದಿನ ದಾಟಿದರೆ, ದುರ್ವಾಸನೆ ಅಥವಾ ಕೀವು ಇದ್ದರೆ, ಹಸು ಮೇವು ಬಿಟ್ಟು ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ ತಿಳಿಸಿ. ತಿಂಗಳು ತುಂಬುತ್ತಿರುವ ಗಬ್ಬದ ಹಸುವಿನಲ್ಲಿ ರಕ್ತ ಕಂಡರೂ ಹಾಗೆಯೇ. ಅದು ಕಂದು ಹಾಕಿದರೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಂದುರೋಗ ಮನುಷ್ಯರಿಗೂ ಅಂಟುತ್ತದೆ.